ಬೆಲೆ ತೆರದ ಬೆಲ್ಲಾ

2008ರ ಆಗಸ್ಟ್ 1, ಶುಕ್ರವಾರ ರಾತ್ರಿ. ಅಮೆರಿಕದ ಊರೂರುಗಳ ಪುಸ್ತಕದಂಗಡಿಗಳಲ್ಲಿ ಅಂದು ಹತ್ತು ಗಂಟೆಯಾದರೂ ದೀಪ ಆರಲಿಲ್ಲ. ಒಳಗೂ ಹೊರಗೂ ಹುಡುಗಿಯರ ದಂಡು. ಕಥೆಯ ಪಾತ್ರಗಳಂತೆ ವೇಷ ತೊಟ್ಟವರು ಕೆಲವರು, ಹಿಂದಿನ ಮೂರು ಸಂಪುಟಗಳನ್ನು ಎದೆಗವಚಿಕೊಂಡು ಬಂದವರು ಕೆಲವರು. ಮಗಳನ್ನು ಕರೆತಂದ ನೆಪದಲ್ಲಿ ತಾವೂ ಸಾಲು ಹಚ್ಚಿದ ತಾಯಂದಿರು ಕಡಿಮೆಯೇನಿರಲಿಲ್ಲ. ಗಡಿಯಾರ ಹನ್ನೆರಡು ದಾಟಿ ತಾರೀಖು 2 ಆಗುತ್ತಿದ್ದಂತೆ ಪೆಟ್ಟಿಗೆಗಳು ಬಿಚ್ಚಿಕೊಂಡವು. ಕಪ್ಪು ರಕ್ಷಾಪುಟ, ಅದರ ಮೇಲೆ ಚದುರಂಗದ ಬಿಳಿಯ ರಾಣಿ, ರಾಣಿಯ ಹಿಂದೊಂದು ಕೆಂಪು ಕಾಲಾಳು.

ಪುಸ್ತಕದ ಹೆಸರು ‘ಬ್ರೇಕಿಂಗ್ ಡಾನ್’. ಸ್ಟೆಫನಿ ಮೇಯರ್ ಎಂಬ ಲೇಖಕಿಯ ‘ಟ್ವೈಲೈಟ್’ ಮಾಲೆಯ ನಾಲ್ಕನೆಯ ಕಾದಂಬರಿ. ಪ್ರಕಾಶಕರು ಮೊದಲ ಮುದ್ರಣಕ್ಕೇ ಲಕ್ಷಗಟ್ಟಲೆ ಪ್ರತಿ ಅಚ್ಚು ಹಾಕಿಸಿದ್ದರು. ಮೊದಲ ಒಂದೇ ದಿನದಲ್ಲಿ ಅಮೆರಿಕದಲ್ಲಿ 13 ಲಕ್ಷ ಪ್ರತಿಗಳು ಖರ್ಚಾದವು. ಏಳುನೂರೈವತ್ತು ಪುಟ ಮೀರಿದ ಗ್ರಂಥವಾದರೂ ಎಷ್ಟೋ ಮಂದಿ ಊಟ ನಿದ್ದೆ ಬಿಟ್ಟು ಆ ಶನಿವಾರ ಭಾನುವಾರಗಳಲ್ಲೇ ಓದಿ ಮುಗಿಸಿದರು.

ಆಮೇಲೆ ನಡೆದದ್ದು ವಿಚಿತ್ರ. ಅಷ್ಟೊಂದು ಪ್ರೀತಿಯಿಂದ ಕಾದು ಕೊಂಡವರಲ್ಲೇ ಒಂದು ದೊಡ್ಡ ಗುಂಪು ಮುಖ ಬಾಡಿಸಿಕೊಂಡಿತು. ಇದು ನಾವು ಕಾದ ಕಥೆಯಲ್ಲ ಎಂದಿತು. ಸಿಟ್ಟಿಗೆ ಪುಸ್ತಕವನ್ನು ಸುಡುವುದು ಬೇಡ, ಕೊಂಡ ಅಂಗಡಿಗೇ ಹಿಂತಿರುಗಿಸೋಣ ಎಂದು ಕರೆ ಕೊಟ್ಟವರೂ ಇದ್ದರು. ಹಿಡಿಸದ ಪುಸ್ತಕವನ್ನು ಮೂಲೆಗೆ ಎಸೆದು ಮರೆಯುವುದು ಲೋಕರೂಢಿ. ಅದಕ್ಕಾಗಿ ಯಾರೂ ಚಳವಳಿ ಹೂಡುವುದಿಲ್ಲ. ಈ ಹುಡುಗಿಯರು ಹೂಡಿದರು. ಏಕೆ?

ಟ್ವೈಲೈಟ್ ಎಂದರೇನೆಂದು ಅರಿಯದ ತಂದೆತಾಯಂದಿರಿಗಾಗಿ ಕಥೆಯನ್ನು ಒಂದಿಷ್ಟು ಹೇಳಬೇಕು. ಬೆಲ್ಲಾ ಸ್ವಾನ್ ಹದಿನೇಳು ವರ್ಷದ ಹುಡುಗಿ. ತಂದೆತಾಯಿ ಬೇರೆಯಾಗಿದ್ದಾರೆ. ಬಿಸಿಲೂರಾದ ಫೀನಿಕ್ಸ್‌ನಲ್ಲಿ ತಾಯಿಯ ಜೊತೆ ಬೆಳೆದವಳು ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಪುಟ್ಟ ಊರಿಗೆ, ಪೊಲೀಸು ಅಧಿಕಾರಿಯಾದ ತಂದೆ ಚಾರ್ಲಿಯ ಮನೆಗೆ ಬರುತ್ತಾಳೆ. ಸದಾ ಮೋಡ, ಸದಾ ಮಳೆ. ಅಲ್ಲಿನ ಶಾಲೆಯಲ್ಲಿ ಪಕ್ಕದ ಕುರ್ಚಿಯ ಸಹಪಾಠಿ ಎಡ್ವರ್ಡ್ ಕಲನ್. ಅತಿ ಚೆಲುವ, ಅತಿ ಬಿಳಿಚ, ಯಾರೊಡನೆಯೂ ಬೆರೆಯದವನು. ಅವನು ಮನುಷ್ಯನೇ ಅಲ್ಲ, ರಕ್ತ ಕುಡಿದು ಬದುಕುವ ವ್ಯಾಂಪೈರ್. 1918ರಲ್ಲಿ ಇನ್‌ಫ್ಲುಯೆಂಜಾ ಹಾವಳಿಯಲ್ಲಿ ಸಾಯುತ್ತಿದ್ದಾಗ ಅವನನ್ನು ಹಾಗೆ ಮಾರ್ಪಡಿಸಲಾಯಿತು. ಅಂದಿನಿಂದ ಅವನ ವಯಸ್ಸು ಹದಿನೇಳರಲ್ಲೇ ನಿಂತಿದೆ.

ಡ್ರಾಕುಲಾನ ಹೆಸರು ಕೇಳಿದವರು ಇಲ್ಲಿ ಹುಬ್ಬೇರಿಸಬಹುದು. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಆ ಪಿಶಾಚಿಗೂ ಮೇಯರ್ ಅವರ ಈ ಸುಂದರಾಂಗನಿಗೂ ಹೋಲಿಕೆ ಅಷ್ಟಕ್ಕಷ್ಟೆ. ಎಡ್ವರ್ಡನ ಮನೆಯವರು ಮನುಷ್ಯರ ತಂಟೆಗೆ ಹೋಗುವುದಿಲ್ಲ. ಕಾಡಿನ ಪ್ರಾಣಿಗಳ ರಕ್ತದಲ್ಲೇ ತೃಪ್ತರು. ತಮ್ಮನ್ನು ತಾವೇ ತಮಾಷೆಗೆ ‘ಸಸ್ಯಾಹಾರಿಗಳು’ ಎಂದು ಕರೆದುಕೊಳ್ಳುತ್ತಾರೆ! ಬಿಸಿಲಿಗೆ ಅವರು ಸುಟ್ಟು ಬೂದಿಯಾಗುವುದಿಲ್ಲ. ಚರ್ಮ ವಜ್ರದ ಹರಳಿನಂತೆ ಮಿನುಗುತ್ತದೆ, ಅಷ್ಟೆ. ಗುಟ್ಟು ಬಯಲಾಗದಿರಲೆಂದು ಮೋಡ ಕವಿದ ಊರನ್ನು ಆರಿಸಿಕೊಂಡಿದ್ದಾರೆ.

ಇದನ್ನು ಬರೆದಾಕೆ ಅರಿಜೋನಾದ ಗೃಹಿಣಿ. ಮನೆಯಲ್ಲಿ ಮೂವರು ಚಿಕ್ಕ ಗಂಡುಮಕ್ಕಳು. ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದಿದ್ದರೂ ಲೇಖಕಿಯಾಗುವ ಯೋಚನೆ ಇದ್ದವರಲ್ಲ. 2003ರ ಜೂನ್ 2ರಂದು ಬಿದ್ದ ಒಂದು ಕನಸನ್ನು — ಹುಲ್ಲುಗಾವಲಿನಲ್ಲಿ ನಿಂತು ಮಾತಾಡುತ್ತಿರುವ ಒಬ್ಬ ಹುಡುಗಿ ಮತ್ತು ಒಬ್ಬ ವ್ಯಾಂಪೈರ್ — ಮರೆತುಹೋದೀತೆಂದು ಬೆಳಿಗ್ಗೆ ಬರೆದಿಟ್ಟರು. ಮುಂದೆ ಅದೇ ಹದಿಮೂರನೆಯ ಅಧ್ಯಾಯವಾಯಿತು. ಮೂರು ತಿಂಗಳಲ್ಲಿ ಕಾದಂಬರಿ ಮುಗಿಯಿತು. ಹದಿನೈದು ಮಂದಿ ಸಾಹಿತ್ಯ ಏಜೆಂಟರಿಗೆ ಪತ್ರ ಬರೆದರು. ಐವರು ಉತ್ತರಿಸಲಿಲ್ಲ, ಒಂಬತ್ತು ಮಂದಿ ಬೇಡವೆಂದರು, ಒಬ್ಬರು ಒಪ್ಪಿದರು. ಆ ಒಬ್ಬರಿಂದಾಗಿ ಮೂರು ಪುಸ್ತಕಗಳಿಗೆ ಏಳೂವರೆ ಲಕ್ಷ ಡಾಲರಿನ ಒಪ್ಪಂದ ಕುದುರಿತು. ‘ಟ್ವೈಲೈಟ್’ 2005ರಲ್ಲಿ, ‘ನ್ಯೂ ಮೂನ್’ 2006ರಲ್ಲಿ, ‘ಎಕ್ಲಿಪ್ಸ್’ 2007ರಲ್ಲಿ ಹೊರಬಂದವು. ವರ್ಷಕ್ಕೊಂದರಂತೆ ಬಂದ ಈ ಪುಸ್ತಕಗಳ ಜೊತೆ ಓದುಗರೂ ಒಂದೊಂದು ತರಗತಿ ಮೇಲೇರಿದರು. ಮೊದಲ ಸಂಪುಟವನ್ನು ಎಂಟನೆಯ ತರಗತಿಯಲ್ಲಿ ಓದಿದ ಹುಡುಗಿ ನಾಲ್ಕನೆಯದರ ಹೊತ್ತಿಗೆ ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿದ್ದಳು. ನಿರಾಸೆಯ ಲೆಕ್ಕದಲ್ಲಿ ಇದನ್ನು ಮರೆಯಬಾರದು.

ಅತಿಮಾನುಷ ಪ್ರೇಮಕಥೆಗಳಿಗೆ ಒಂದು ಕಟ್ಟುಪಾಡಿದೆ. ಮನುಷ್ಯಳು ಮನುಷ್ಯನಲ್ಲದವನನ್ನು ಪ್ರೀತಿಸಿದರೆ ಇಬ್ಬರಲ್ಲೊಬ್ಬರು ತಮ್ಮ ಲೋಕವನ್ನು ಬಿಟ್ಟು ಬರಬೇಕು. ಬಿಟ್ಟು ಬರುವುದಕ್ಕೆ ಬೆಲೆಯಿದೆ. ನಮ್ಮ ಪುರಾಣಗಳ ಅಪ್ಸರೆಯರ ಕಥೆಗಳಲ್ಲೂ, ನಾಗಕನ್ಯೆಯರ ಕಥೆಗಳಲ್ಲೂ ಇದೇ ನಿಯಮ. ಊರ್ವಶಿ ಪುರೂರವನೊಡನೆ ಇರಲು ಒಪ್ಪುವಾಗಲೇ ಷರತ್ತು ಹಾಕುತ್ತಾಳೆ, ಷರತ್ತು ಮುರಿದ ದಿನ ಹೊರಟುಬಿಡುತ್ತಾಳೆ. ಆ ಬೆಲೆ ಎಷ್ಟೆಂಬ ಆತಂಕವೇ ಇಂಥ ಕಥೆಯ ಜೀವಾಳ.

ಮೇಯರ್ ಈ ಆತಂಕವನ್ನು ಮೂರು ಸಂಪುಟಗಳಲ್ಲಿ ಬಹಳ ಜಾಣತನದಿಂದ ಬೆಳೆಸಿದ್ದರು. ಎರಡನೆಯ ಪುಸ್ತಕದಲ್ಲಿ ಎಡ್ವರ್ಡ್ ಅವಳ ಒಳ್ಳೆಯದಕ್ಕೆಂದು ಊರು ಬಿಟ್ಟು ಹೋಗುತ್ತಾನೆ. ಆಗ ಪುಟ ತಿರುಗಿಸಿದರೆ ಬರೀ ‘ಅಕ್ಟೋಬರ್’ ಎಂಬ ಒಂದು ಪದ. ಮುಂದಿನ ಪುಟದಲ್ಲಿ ‘ನವೆಂಬರ್’. ಹೀಗೆ ಜನವರಿಯವರೆಗೆ ನಾಲ್ಕು ಪುಟಗಳಲ್ಲಿ ತಿಂಗಳ ಹೆಸರು ಬಿಟ್ಟರೆ ಇನ್ನೇನಿಲ್ಲ. ವಿಮರ್ಶಕರು ಮೇಯರ್ ಅವರ ಗದ್ಯದಲ್ಲಿ ಎಷ್ಟೇ ಹುಳುಕು ಹುಡುಕಲಿ, ಈ ಖಾಲಿ ಪುಟಗಳನ್ನು ಓದಿದ ಹದಿನೈದರ ಹುಡುಗಿಗೆ ಅವುಗಳ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಆ ಖಾಲಿತನವನ್ನು ತುಂಬುವವನು ಜೇಕಬ್ ಬ್ಲ್ಯಾಕ್. ಸಮುದ್ರ ದಂಡೆಯ ಲಾ ಪುಶ್‌ನಲ್ಲಿ ನೆಲೆಸಿದ ಕ್ವಿಲ್ಯೂಟ್ ಎಂಬ ಮೂಲನಿವಾಸಿ ಜನಾಂಗದ ಹುಡುಗ. (ಆ ಜನಾಂಗ ನಿಜವಾದದ್ದು, ತೋಳದಿಂದ ತಾವು ಹುಟ್ಟಿಬಂದೆವೆಂಬ ಅವರ ಐತಿಹ್ಯವೂ ನಿಜವಾದದ್ದು. ವ್ಯಾಂಪೈರುಗಳ ವೈರ ಮಾತ್ರ ಲೇಖಕಿಯ ಕಲ್ಪನೆ.) ಹಳೆಯ ಮೋಟಾರು ಸೈಕಲ್ ರಿಪೇರಿ ಮಾಡುತ್ತ, ನಗಿಸುತ್ತ, ಬೆಲ್ಲಾಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡುತ್ತಾನೆ. ಅವನು ತೋಳದ ರೂಪ ತಾಳಬಲ್ಲವನು, ವ್ಯಾಂಪೈರುಗಳ ಹುಟ್ಟು ವೈರಿ. ಮೂರನೆಯ ಪುಸ್ತಕದ ಹೊತ್ತಿಗೆ ಬೆಲ್ಲಾ ಎಡ್ವರ್ಡನನ್ನು ಮದುವೆಯಾಗಿ ತಾನೂ ವ್ಯಾಂಪೈರ್ ಆಗಲು ತೀರ್ಮಾನಿಸಿದ್ದಾಳೆ. ಅದಕ್ಕೆ ತೆರಬೇಕಾದ ಬೆಲೆಯನ್ನು ಒಬ್ಬೊಬ್ಬರೂ ಅವಳಿಗೆ ಎಣಿಸಿ ತೋರಿಸುತ್ತಾರೆ. ಎಡ್ವರ್ಡನ ಸಹೋದರಿಯ ಸ್ಥಾನದಲ್ಲಿರುವ ರೋಸಲಿ ಒಂದು ರಾತ್ರಿ ಪಕ್ಕದಲ್ಲಿ ಕೂತು ತನ್ನ ಕಥೆ ಹೇಳುತ್ತಾಳೆ. ತನಗೆ ಮಕ್ಕಳಿಲ್ಲ, ಎಂದೂ ಆಗುವುದಿಲ್ಲ, ಆರಿಸಿಕೊಳ್ಳುವ ಅವಕಾಶವಿದ್ದಿದ್ದರೆ ಈ ಬಾಳನ್ನು ಆರಿಸುತ್ತಿರಲಿಲ್ಲ ಎನ್ನುತ್ತಾಳೆ. ವ್ಯಾಂಪೈರ್ ಆದವರಿಗೆ ಮೊದಲೊಂದು ವರ್ಷ ರಕ್ತದ ಹುಚ್ಚು ಹಿಡಿತಕ್ಕೆ ಸಿಗದು, ಹೆತ್ತವರ ಹತ್ತಿರವೂ ಸುಳಿಯುವಂತಿಲ್ಲ. ತಂದೆ, ತಾಯಿ, ಜೇಕಬ್, ಹುಟ್ಟಬಹುದಾಗಿದ್ದ ಮಕ್ಕಳು — ಎಲ್ಲವನ್ನೂ ಬಿಡಬೇಕು. ಬೆಲ್ಲಾ ಅಳುತ್ತಲೇ ಒಪ್ಪುತ್ತಾಳೆ.

ಇಷ್ಟು ಹೇಳಿ ಓದುಗರನ್ನು ಒಂದು ವರ್ಷ ಕಾಯಿಸಲಾಯಿತು. ಅವಳು ಹೇಗೆ ಬಿಟ್ಟು ಬಂದಾಳು? ತಂದೆಗೆ ಏನು ಹೇಳಿಯಾಳು? ಜೇಕಬ್ ಏನಾದಾನು? ಹುಡುಗಿಯರು ತಮ್ಮತಮ್ಮಲ್ಲೇ ವಾದ ಮಾಡಿಕೊಂಡರು. ಎಡ್ವರ್ಡನ ಪಕ್ಷ, ಜೇಕಬನ ಪಕ್ಷ ಎಂದು ಅಂಗಿಯ ಮೇಲೆ ಬರೆಸಿಕೊಂಡು ತಿರುಗಿದರು.

ನಾಲ್ಕನೆಯ ಪುಸ್ತಕ ಬಂತು. ಮದುವೆ ಮುಗಿಯುತ್ತದೆ. ಬ್ರೆಜಿಲ್‌ನ ಕರಾವಳಿಯಾಚೆಯ ಒಂದು ಖಾಸಗಿ ದ್ವೀಪಕ್ಕೆ ನವದಂಪತಿಗಳು ಹೋಗುತ್ತಾರೆ. ಬೆಲ್ಲಾ ಗರ್ಭಿಣಿಯಾಗುತ್ತಾಳೆ. ಅರೆ ಮನುಷ್ಯ ಅರೆ ವ್ಯಾಂಪೈರ್ ಆದ ಶಿಶು ಒಂದೇ ತಿಂಗಳಲ್ಲಿ ಬಲಿತು ತಾಯಿಯ ಎಲುಬು ಮುರಿಯುತ್ತದೆ. ಈ ಭಾಗವನ್ನು ಹೇಳುವವನು ಜೇಕಬ್. ಬೆಲ್ಲಾ ಲೋಟದಿಂದ ಸ್ಟ್ರಾ ಹಾಕಿ ರಕ್ತ ಹೀರುವುದನ್ನು ಅವನು ನೋಡುತ್ತ ಕೂರುತ್ತಾನೆ. ಪುಸ್ತಕ ಹಿಡಿಸದವರಲ್ಲೂ ಹಲವರು ಈ ಜೇಕಬನ ಭಾಗವನ್ನು ಮೆಚ್ಚಿದ್ದುಂಟು. ಅವಳು ಸಾಯುತ್ತಿದ್ದಾಳೆ, ಅವನು ಏನೂ ಮಾಡಲಾರ. ಅಲ್ಲಿಯ ತನಕ ಕಥೆ ತನ್ನ ಮಾತಿಗೆ ತಪ್ಪಿಲ್ಲ.

ತಪ್ಪುವುದು ಆಮೇಲೆ. ಹೆರಿಗೆಯಲ್ಲಿ ಸಾಯುವ ಹೊತ್ತಿಗೆ ಎಡ್ವರ್ಡ್ ತನ್ನ ವಿಷವನ್ನು ಅವಳ ಹೃದಯಕ್ಕೆ ಚುಚ್ಚಿ ವ್ಯಾಂಪೈರ್ ಮಾಡುತ್ತಾನೆ. ಕಣ್ಣು ತೆರೆದ ಬೆಲ್ಲಾ ಹಿಂದೆಂದಿಗಿಂತ ಸುಂದರಿ, ಬಲಶಾಲಿ. ವರ್ಷವೆಲ್ಲ ಕಾಡಬೇಕಾಗಿದ್ದ ರಕ್ತದ ಹುಚ್ಚು ಅವಳನ್ನು ಕಾಡುವುದೇ ಇಲ್ಲ. ಮೊದಲ ಬೇಟೆಯಲ್ಲೇ ಮನುಷ್ಯರ ವಾಸನೆ ಬಂದರೂ ಮುಖ ತಿರುಗಿಸಿ ಓಡಬಲ್ಲಳು. ಮಕ್ಕಳಾಗದು ಎಂದಿದ್ದರು, ಮಗಳು ಹುಟ್ಟಿದಳು. ತಂದೆಯನ್ನು ಬಿಡಬೇಕು ಎಂದಿದ್ದರು, ಚಾರ್ಲಿ ಅರ್ಧ ಸತ್ಯ ಕೇಳಿಸಿಕೊಂಡು ಮೊಮ್ಮಗಳನ್ನು ಎತ್ತಿ ಆಡಿಸುತ್ತಾನೆ. ಜೇಕಬನನ್ನು ಕಳೆದುಕೊಳ್ಳಬೇಕು ಎಂದಿದ್ದರು, ಅವನು ಆಗಷ್ಟೇ ಹುಟ್ಟಿದ ಮಗುವನ್ನು ಕಂಡೊಡನೆ ಅದೇ ತನ್ನ ಜನ್ಮದ ಜೊತೆಗಾತಿ ಎಂದು ಕಟ್ಟುಬಿದ್ದು ಆ ಮನೆಯಲ್ಲೇ ಉಳಿಯುತ್ತಾನೆ. ಸಾಲದ್ದಕ್ಕೆ ಮಗು ಏಳು ವರ್ಷಗಳಲ್ಲಿ ಬೆಳೆದು ಪ್ರಾಯಕ್ಕೆ ಬಂದು ಅಮರಳಾಗಿಬಿಡುತ್ತದಂತೆ.

ಕೊನೆಗೆ ಯುದ್ಧವೂ ಇಲ್ಲ. ವ್ಯಾಂಪೈರ್ ಲೋಕದ ಆಳರಸರಾದ ವೋಲ್ಟೂರಿಗಳು ಇಟಲಿಯಿಂದ ದಂಡೆತ್ತಿ ಬರುತ್ತಾರೆ. ಅವರನ್ನು ಎದುರಿಸಲು ದೇಶದೇಶಗಳಿಂದ ಬಂದ ಸಾಕ್ಷಿಗಳ ಪರಿಚಯಕ್ಕೇ ಅಧ್ಯಾಯಗಳು ಕಳೆಯುತ್ತವೆ. ಹೆಸರುಗಳ ನೆನಪಿಗೆಂದು ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿಯನ್ನೇ ಕೊಡಬೇಕಾಗಿ ಬಂತು. ಹಿಮದ ಬಯಲಿನಲ್ಲಿ ಎರಡು ಪಡೆಗಳು ಎದುರುಬದುರು ನಿಲ್ಲುತ್ತವೆ. ಮಾತಾಡುತ್ತವೆ. ಇರಿನಾ ಎಂಬ ಒಬ್ಬಳನ್ನು ವೋಲ್ಟೂರಿಗಳು ಕೊಲ್ಲುತ್ತಾರೆ. ಇಂಥದೇ ಅರೆಮನುಷ್ಯನೊಬ್ಬ ದಕ್ಷಿಣ ಅಮೆರಿಕದಿಂದ ಬಂದು ಸಾಕ್ಷಿ ಹೇಳುತ್ತಾನೆ. ಬಂದವರು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋಗುತ್ತಾರೆ.

ಸುಖಾಂತವೇ ಅಪರಾಧವೆ? ಹಾಗೆಂದು ಯಾರೂ ಹೇಳಲಿಲ್ಲ. ಹುಡುಗಿಯರ ದೂರು ಅದಕ್ಕಿಂತ ಸೂಕ್ಷ್ಮವಾಗಿತ್ತು. ಬೆಲ್ಲಾ ಸುಖವಾಗಿರಬೇಕೆಂದೇ ಅವರೆಲ್ಲರ ಹಾರೈಕೆ. ಆದರೆ ಮೂರು ವರ್ಷ ಬೆಲೆಯ ಚೀಟಿಯನ್ನು ತೋರಿಸಿ ಅಂಜಿಸಿದ ಅಂಗಡಿಯವರು ನಾಲ್ಕನೆಯ ವರ್ಷ ಸಾಮಾನು ಪುಕ್ಕಟೆ ಎಂದರೆ, ಆ ಅಂಜಿಕೆಗೆ ಏನರ್ಥ? ರೋಸಲಿಯ ಆ ರಾತ್ರಿಯ ಕಣ್ಣೀರಿಗೆ, ಜೇಕಬನ ನೋವಿಗೆ, ಆ ನಾಲ್ಕು ಖಾಲಿ ಪುಟಗಳಿಗೆ ಏನು ಬೆಲೆ ಉಳಿಯಿತು? ಹಿಂದಿನ ಪುಸ್ತಕಗಳನ್ನೂ ಈ ಪುಸ್ತಕ ಹಿಂದಕ್ಕೆ ಕೈಚಾಚಿ ಹಗುರ ಮಾಡಿಬಿಟ್ಟಿತು ಎಂಬುದು ಅವರ ಸಂಕಟ. ದುಡ್ಡು ವಾಪಸು ಕೇಳಿದ್ದರ ಹಿಂದೆ ಇದ್ದದ್ದು ಇದು.

ಲೇಖಕಿಯ ಪಕ್ಷವನ್ನೂ ಕೇಳಬೇಕು. ಮೇಯರ್ ಓದುಗರ ಪ್ರಶ್ನೆಗಳಿಗೆ ವಿವರವಾಗಿಯೇ ಉತ್ತರಿಸಿದ್ದಾರೆ. ಯುದ್ಧ ನಡೆದಿದ್ದರೆ ಎರಡೂ ಕಡೆ ಬಹುಪಾಲು ಮಂದಿ ಸತ್ತೇ ಹೋಗುತ್ತಿದ್ದರು, ಅಂಥ ಹ್ಯಾಮ್ಲೆಟ್ ಮಾದರಿಯ ಅಂತ್ಯ ತಮ್ಮ ಸ್ವಭಾವಕ್ಕೆ ಒಗ್ಗದು ಎಂಬುದು ಅವರ ವಾದ. ಅವರ ಒಂದೊಂದು ಸಂಪುಟದ ಬೆನ್ನಿಗೂ ಒಂದು ಹಳೆಯ ಕೃತಿ ಇದೆ. ಮೊದಲನೆಯದಕ್ಕೆ ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’, ಎರಡನೆಯದಕ್ಕೆ ‘ರೋಮಿಯೋ ಅಂಡ್ ಜೂಲಿಯೆಟ್’, ಮೂರನೆಯದಕ್ಕೆ ಎಮಿಲಿ ಬ್ರಾಂಟಿಯ ‘ವುದರಿಂಗ್ ಹೈಟ್ಸ್’. ನಾಲ್ಕನೆಯದಕ್ಕೆ ಶೇಕ್ಸ್‌ಪಿಯರ್‌ನ ಎರಡು ನಾಟಕಗಳು: ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಮತ್ತು ‘ದಿ ಮರ್ಚೆಂಟ್ ಆಫ್ ವೆನಿಸ್’. ಐಸಿಎಸ್‌ಇ ಶಾಲೆಗಳಲ್ಲಿ ‘ಮರ್ಚೆಂಟ್’ ನಾಟಕವನ್ನು ಪಠ್ಯವಾಗಿ ಓದಿದ ವಿದ್ಯಾರ್ಥಿಗಳಿಗೆ ಗುಟ್ಟು ಹೊಳೆದೀತು. ಅಲ್ಲಿಯೂ ಕತ್ತಿ ಮೇಲೆತ್ತಿದ್ದಾಗಲೇ ಮಾತಿನಿಂದ ಕಥೆ ತಿರುಗುತ್ತದೆ. ‘ಬ್ರೇಕಿಂಗ್ ಡಾನ್’ನಲ್ಲಿ ಆಲಿಸ್ ಎಂಬ ಪಾತ್ರ ತಾನು ಊರು ಬಿಡುವಾಗ ಚೀಟಿ ಬರೆದಿಡುವುದು ಬೆಲ್ಲಾಳ ‘ಮರ್ಚೆಂಟ್’ ಪುಸ್ತಕದಿಂದ ಹರಿದ ಹಾಳೆಯ ಮೇಲೆ. ಕೊನೆಯಲ್ಲಿ ಕಾದಾಟವಿಲ್ಲ, ವಿಚಾರಣೆ ಇದೆ ಎಂಬ ಸುಳಿವು ಅದು.

ಸುಳಿವು ಚೆನ್ನಾಗಿದೆ, ಒಪ್ಪಬೇಕು. ಹಾಗೆಯೇ ತೋಳಮಾನವರು ಶಿಶುಗಳಿಗೂ ಕಟ್ಟುಬೀಳಬಹುದೆಂಬ ಮಾತು ಮೂರನೆಯ ಪುಸ್ತಕದಲ್ಲೇ ಬಂದಿತ್ತು. ಬೆಲ್ಲಾಳ ಮನಸ್ಸನ್ನು ಎಡ್ವರ್ಡ್ ಓದಲಾರ ಎಂಬುದು ಮೊದಲ ಪುಸ್ತಕದಿಂದಲೂ ಇತ್ತು, ಅದೇ ಕೊನೆಯಲ್ಲಿ ಎಲ್ಲರನ್ನೂ ಕಾಯುವ ಗುರಾಣಿಯಾಗುತ್ತದೆ. ಅಂದರೆ ಲೇಖಕಿ ದಾರಿ ತಪ್ಪಿ ಎಲ್ಲಿಗೋ ಹೋದದ್ದಲ್ಲ. ಹೋಗಬೇಕೆಂದುಕೊಂಡ ಕಡೆಗೇ ಹೋದರು. ಆದರೆ ವೆನಿಸ್ಸಿನ ನ್ಯಾಯಾಲಯದಲ್ಲಿ ಶೈಲಾಕ್ ಆಸ್ತಿ, ಧರ್ಮ, ಮಾನ ಎಲ್ಲವನ್ನೂ ಕಳೆದುಕೊಂಡು ಕುಗ್ಗಿಹೋಗಿ ಹೊರನಡೆಯುತ್ತಾನೆ. ಅಲ್ಲಿ ಯಾರೋ ಒಬ್ಬ ಬೆಲೆ ತೆರುತ್ತಾನೆ. ಹಿಮದ ಬಯಲಿನಲ್ಲಿ ಬಡಪಾಯಿ ಇರಿನಾಳನ್ನು ಬಿಟ್ಟರೆ ತೆತ್ತವರಾರು? ಅವಳ ಪರಿಚಯವೇ ಓದುಗರಿಗೆ ಸರಿಯಾಗಿ ಆಗಿರಲಿಲ್ಲ.

ಗುಟ್ಟು ಇನ್ನೊಂದು ಕಡೆ ಇದೆ. ‘ಟ್ವೈಲೈಟ್’ ಅಚ್ಚಾಗುವ ಮೊದಲೇ, 2003ರಲ್ಲೇ, ಮೇಯರ್ ಅದರ ಮುಂದಿನ ಭಾಗವಾಗಿ ‘ಫಾರೆವರ್ ಡಾನ್’ ಎಂಬ ಕಾದಂಬರಿಯನ್ನು ಬರೆದಿದ್ದರು. ಮದುವೆ, ದ್ವೀಪ, ಬಸಿರು, ಮಗು, ಜೇಕಬನ ಕಟ್ಟುಬೀಳುವಿಕೆ, ವೋಲ್ಟೂರಿಗಳ ಆಗಮನ ಎಲ್ಲವೂ ಅದರಲ್ಲಿದ್ದವು. ಪ್ರಕಾಶಕರು ಕಿರಿಯರಿಗಾಗಿ ಪುಸ್ತಕಗಳನ್ನು ಬಯಸಿದ್ದರಿಂದ, ಬೆಲ್ಲಾ ಇನ್ನೂ ಶಾಲೆಯಲ್ಲಿರುವ ದಿನಗಳ ಕಥೆಗೆ ಅವರು ಹಿಂತಿರುಗಬೇಕಾಯಿತು. ಹಾಗೆ ನಡುವೆ ಹುಟ್ಟಿಕೊಂಡವು ‘ನ್ಯೂ ಮೂನ್’ ಮತ್ತು ‘ಎಕ್ಲಿಪ್ಸ್’. ಮೊದಲ ಪುಸ್ತಕದಲ್ಲಿ ಜೇಕಬ್ ಎಂದರೆ ಬೆಲ್ಲಾಳಿಗೆ ಹಳೆಯ ದಂತಕಥೆ ಹೇಳಿ ಎಡ್ವರ್ಡನ ಗುಟ್ಟು ಬಿಟ್ಟುಕೊಡುವ ಒಂದು ಸಣ್ಣ ಪಾತ್ರ. ಅಂಥ ಪಾತ್ರವನ್ನು ಕೊನೆಯಲ್ಲಿ ಒಂದು ಕಡೆ ನೆಲೆ ಮುಟ್ಟಿಸಿದರೆ ಯಾರಿಗೂ ಬೇಸರವಾಗುತ್ತಿರಲಿಲ್ಲ. ಆದರೆ ನಡುವಿನ ಎರಡು ಪುಸ್ತಕಗಳಲ್ಲಿ ಅವನು ಎದ್ದು ನಿಂತ. ಅವನಿಗೆ ನೋವು ಬಂತು, ಹಟ ಬಂತು, ಅರ್ಧದಷ್ಟು ಓದುಗರ ಪ್ರೀತಿ ಬಂತು. ಬೆಲ್ಲಾ ಬಿಡಬೇಕಾದದ್ದರ ತೂಕವೂ ಈ ನಡುವಿನ ಪುಸ್ತಕಗಳಲ್ಲೇ ಏರಿತು. ಅಂತ್ಯ ಮಾತ್ರ 2003ರಲ್ಲಿ ಹೊಲಿದಿಟ್ಟ ಅಂಗಿಯಂತೆ ಹಾಗೇ ಇತ್ತು. ಐದು ವರ್ಷದಲ್ಲಿ ಮೈ ಬೆಳೆದಿತ್ತು.

ಇದನ್ನು ಸಿನಿಮಾದವರು ಗುರುತಿಸಿದರೆಂದು ತೋರುತ್ತದೆ. ಕಾದಂಬರಿಯನ್ನು ಎರಡು ಚಿತ್ರಗಳಾಗಿ ಬಿಲ್ ಕಾಂಡನ್ ನಿರ್ದೇಶಿಸಿದರು. ಮೊದಲನೆಯದು 2011ರಲ್ಲಿ, ಎರಡನೆಯದು 2012ರ ನವೆಂಬರಿನಲ್ಲಿ ತೆರೆಕಂಡಿತು. ಆ ಎರಡನೆಯ ಚಿತ್ರದಲ್ಲಿ ಹಿಮದ ಬಯಲಿನ ಮಾತುಕತೆ ಒಮ್ಮೆಲೇ ಮುರಿದು ಬೀಳುತ್ತದೆ. ಎಡ್ವರ್ಡನ ತಂದೆಯ ಸ್ಥಾನದಲ್ಲಿದ್ದ ಸಜ್ಜನ ಡಾಕ್ಟರ್ ಕಾರ್ಲೈಲ್‌ನ ತಲೆ ಉರುಳುತ್ತದೆ. ಒಬ್ಬರ ಹಿಂದೊಬ್ಬರು ಬೀಳುತ್ತಾರೆ. ಪುಸ್ತಕ ಓದಿಕೊಂಡು ಬಂದವರಿಗೇ ದಿಗಿಲು, ಇದು ಪುಸ್ತಕದಲ್ಲಿ ಇಲ್ಲವಲ್ಲ! ಕೆಲವು ನಿಮಿಷಗಳಾದ ಮೇಲೆ ತಿಳಿಯುತ್ತದೆ: ಇದೆಲ್ಲ ಭವಿಷ್ಯ ಕಾಣಬಲ್ಲ ಆಲಿಸ್ ವೈರಿಗಳ ನಾಯಕನಿಗೆ ತೋರಿಸಿದ ದೃಶ್ಯ, ಹೀಗಾದೀತು ಎಂಬ ಎಚ್ಚರಿಕೆ ಮಾತ್ರ. ಅವನು ಹಿಂದೆ ಸರಿಯುತ್ತಾನೆ. ಬೆಲೆಯನ್ನು ಒಂದು ಗಳಿಗೆ ವಸೂಲಿ ಮಾಡಿ ಮತ್ತೆ ಕೈಗೆ ವಾಪಸು ಕೊಟ್ಟ ಉಪಾಯ. ಅಷ್ಟಕ್ಕೇ ಎಷ್ಟೋ ಓದುಗರಿಗೆ ಸಮಾಧಾನವಾಯಿತು.

ತಂದೆತಾಯಂದಿರ ಆಕ್ಷೇಪಣೆಗಳು ಬೇರೆ ಬಗೆಯವು. ಹದಿನೆಂಟಕ್ಕೇ ಮದುವೆ, ಮರುತಿಂಗಳಲ್ಲೇ ಬಸಿರು. ಡಾರ್ಟ್‌ಮತ್‌ನಂಥ ಹೆಸರಾಂತ ಕಾಲೇಜಿನಲ್ಲಿ ಬೆಲ್ಲಾಳಿಗೆ ಸೀಟು ಸಿಕ್ಕಿರುತ್ತದೆ. ದ್ವೀಪದಲ್ಲಿದ್ದಾಗ, ಇನ್ನಷ್ಟು ಕಾಲ ಮನುಷ್ಯಳಾಗಿಯೇ ಇದ್ದು ಕಾಲೇಜಿಗೆ ಹೋಗೋಣ ಎಂದು ಅವಳಿಗೆ ಅನಿಸುವುದೂ ಉಂಟು. ಬಸಿರಿನೊಂದಿಗೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಎಂಟುನೂರು ಪುಟಗಳ ಹತ್ತಿರ ಬರುವ ಪುಸ್ತಕದಲ್ಲಿ ಆ ಸೀಟಿಗಾಗಿ ಒಂದು ನಿಟ್ಟುಸಿರೂ ಇಲ್ಲ. ಪಿಯುಸಿ ಓದುವ ಮಗಳಿರುವ ಮನೆಯಲ್ಲಿ ಇದು ಕಣ್ಣಿಗೆ ಬೀಳದೆ ಇದ್ದೀತೆ? ಪ್ರಾಯದ ಯುವಕನನ್ನು ಹಸುಗೂಸಿಗೆ ಗಂಟು ಹಾಕಿದ್ದಂತೂ ಇನ್ನೂ ಇರಿಸುಮುರಿಸಿನ ಸಂಗತಿ. ಸದ್ಯಕ್ಕೆ ಅವನದು ಅಣ್ಣನ ಅಕ್ಕರೆ ಮಾತ್ರ ಎಂದು ಕಾದಂಬರಿ ಎಷ್ಟು ಸಲ ಸಮಜಾಯಿಷಿ ಕೊಟ್ಟರೂ ಕಸಿವಿಸಿ ಹೋಗುವುದಿಲ್ಲ.

ಆದರೆ ಒಂದು ಮಾತು. ಈ ಆಕ್ಷೇಪಣೆಗಳನ್ನು ದೊಡ್ಡವರು ಎತ್ತುವ ಮೊದಲೇ ಆ ಪುಸ್ತಕವನ್ನು ಪ್ರೀತಿಸಿದ ಹುಡುಗಿಯರೇ ಎತ್ತಿದ್ದರು. ಮೆಚ್ಚಿನ ಲೇಖಕಿ ಏನು ಕೊಟ್ಟರೂ ನುಂಗುವವರೆಂದು ಅವರನ್ನು ತಿಳಿದಿದ್ದವರಿಗೆ ಅದು ಆಶ್ಚರ್ಯ. ಯಾವ ಪುಟದಲ್ಲಿ ಕಥೆ ಜಾರಿತು, ಯಾವ ಪಾತ್ರ ತನ್ನ ಸ್ವಭಾವಕ್ಕೆ ತಪ್ಪಿ ನಡೆಯಿತು ಎಂದು ಅವರು ಅಧ್ಯಾಯ ಹಿಡಿದು ಜಗಳವಾಡಿದರು. ತರಗತಿಯಲ್ಲಿ ‘ವುದರಿಂಗ್ ಹೈಟ್ಸ್’ ಕುರಿತು ಅರ್ಧ ಪುಟದ ಟಿಪ್ಪಣಿ ಬರೆಯಲು ಆಕಳಿಸುವವರು ಇಲ್ಲಿ ಯಾರೂ ಅಂಕ ಕೊಡದಿದ್ದರೂ ಹತ್ತಾರು ಪುಟ ಬರೆದರು.

ಇಂಥ ಹೊತ್ತಿನಲ್ಲಿ ಮನೆಯ ಹಿರಿಯರು ಸಾಮಾನ್ಯವಾಗಿ ಆಡುವ ಮಾತು ಒಂದೇ: ‘ಮೊದಲೇ ಹೇಳಿದ್ದೆವಲ್ಲ, ಅದೆಲ್ಲ ಕಸ ಅಂತ.’ ಮಗಳು ಬಾಗಿಲು ಹಾಕಿಕೊಳ್ಳುತ್ತಾಳೆ. ಹಾಗೆ ಹೇಳುವ ಅಮ್ಮನೇ ತನ್ನ ಕಾಲದಲ್ಲಿ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನು ಕನ್ನಡದಲ್ಲಿ ಓದಿ ರಾತ್ರಿ ಹಿತ್ತಿಲಿಗೆ ಹೋಗಲು ಹೆದರಿದವಳಿರಬಹುದು, ವಾರಪತ್ರಿಕೆಯ ಧಾರಾವಾಹಿ ಕೊನೆಯ ಕಂತಿನಲ್ಲಿ ಕೆಟ್ಟಿತೆಂದು ಎರಡು ದಿನ ಗೊಣಗಿದವಳಿರಬಹುದು. ‘ನೀನಾಗಿದ್ದರೆ ಹೇಗೆ ಮುಗಿಸುತ್ತಿದ್ದೆ?’ ಎಂದು ಮಗಳನ್ನು ಕೇಳಿದರೆ ಉತ್ತರಕ್ಕೆ ಸಂಜೆ ಸಾಲದು. ಬೆಲ್ಲಾ ತಂದೆಯನ್ನು ಬಿಟ್ಟು ಹೋಗಲೇಬೇಕಿತ್ತೆ, ಬಿಡದೆ ಬಂದ ಸುಖದಲ್ಲಿ ಏನು ಕೊರತೆ ಎಂದು ಚಾರ್ಲಿಯ ವಯಸ್ಸಿನ ಅಪ್ಪನೊಬ್ಬ ತನ್ನ ಮಗಳ ಬಾಯಿಂದ ಕೇಳುವುದು ಕಡಿಮೆ ಸಂಗತಿಯೇ?

ಪುಸ್ತಕಕ್ಕೇನೂ ನಷ್ಟವಾಗಲಿಲ್ಲ. ಅದು ಮಾರಾಟವಾಗುತ್ತಲೇ ಹೋಯಿತು, 2009ರಲ್ಲಿ ಬ್ರಿಟನ್ನಿನ ಪುಸ್ತಕ ಪ್ರಶಸ್ತಿಗಳಲ್ಲಿ ವರ್ಷದ ಮಕ್ಕಳ ಪುಸ್ತಕವೆಂಬ ಮನ್ನಣೆಯನ್ನೂ ಪಡೆಯಿತು. ಇಡೀ ಮಾಲೆ ಲೋಕದಾದ್ಯಂತ ಹತ್ತು ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿದೆ. ಅಂತ್ಯ ತಮಗೆ ತುಂಬ ಹಿಡಿಸಿತು, ಬೆಲ್ಲಾ ಅಷ್ಟು ಕಷ್ಟಪಟ್ಟ ಮೇಲೆ ಎಲ್ಲವೂ ಸಿಗಲಿ ಬಿಡಿ ಎಂದ ಓದುಗರೂ ಲಕ್ಷಗಟ್ಟಲೆ ಇದ್ದಾರೆ. ಅವರದೂ ಓದೇ.

ಆ ಆಗಸ್ಟ್ ತಿಂಗಳಲ್ಲೇ ಇನ್ನೊಂದು ಘಟನೆಯಾಯಿತು. ಮೊದಲ ಕಾದಂಬರಿಯ ಕಥೆಯನ್ನೇ ಎಡ್ವರ್ಡನ ಬಾಯಿಂದ ಹೇಳಿಸುವ ‘ಮಿಡ್‌ನೈಟ್ ಸನ್’ ಎಂಬ ಪುಸ್ತಕವನ್ನು ಮೇಯರ್ ಬರೆಯುತ್ತಿದ್ದರು. ಅದರ ಮೊದಲ ಹನ್ನೆರಡು ಅಧ್ಯಾಯಗಳ ಕರಡು ಅವರ ಅನುಮತಿಯಿಲ್ಲದೆ ಹೊರಬಿದ್ದು ಎಲ್ಲೆಡೆ ಹರಡಿತು. ನೊಂದ ಲೇಖಕಿ ಬರವಣಿಗೆಯನ್ನು ಅಲ್ಲಿಗೇ ನಿಲ್ಲಿಸಿದರು. ‘ಬ್ರೇಕಿಂಗ್ ಡಾನ್’ ಕೆಡಿಸಿದ್ದನ್ನು ಇದಾದರೂ ಸರಿಪಡಿಸೀತೆಂದು ಆಸೆಯಿಟ್ಟಿದ್ದವರು ಹನ್ನೆರಡು ವರ್ಷ ಕಾಯಬೇಕಾಯಿತು. ಕೊನೆಗೂ ಪುಸ್ತಕ 2020ರ ಆಗಸ್ಟ್ 4ರಂದು ಬಂತು. ಕೋವಿಡ್ ಕಾಲವಾದ್ದರಿಂದ ನಡುರಾತ್ರಿಯ ಸಾಲುಗಳ ಸಂಭ್ರಮಕ್ಕೆ ಎಡೆಯಿರಲಿಲ್ಲ. 2008ರಲ್ಲಿ ಹದಿನಾರಾಗಿದ್ದವರಿಗೆ ಆಗ ಇಪ್ಪತ್ತೆಂಟು. ಕೆಲಸಕ್ಕೆ ಸೇರಿದವರು, ಮದುವೆಯಾದವರು, ಕೈಗೂಸಿನ ತಾಯಂದಿರು. ಇನ್ನೆಂದೂ ಈ ಲೇಖಕಿಯನ್ನು ಓದುವುದಿಲ್ಲವೆಂದು ಅಂದು ಶಪಥ ಮಾಡಿದ್ದವರಲ್ಲಿ ಎಷ್ಟು ಮಂದಿ ಮತ್ತೆ ಕೊಂಡರೋ! ಆ ಪುಸ್ತಕದಲ್ಲಿ ಬೆಲ್ಲಾ ಮತ್ತೆ ಹದಿನೇಳರ ಹುಡುಗಿ, ಫೋರ್ಕ್ಸ್‌ನ ಶಾಲೆಗೆ ಅಂದೇ ಸೇರಿದವಳು. ಹೊರಗೆ ಮಳೆಗಾಲದ ಮೋಡ. ಪಕ್ಕದ ಕುರ್ಚಿಯ ಹುಡುಗ ಉಸಿರು ಬಿಗಿಹಿಡಿದು ಕೂತಿದ್ದಾನೆ.